ಮುಂದಿನ ಸಾಲಿನ ಖಾಲಿ ಜಾಗ

ಗಣರಾಜ್ಯೋತ್ಸವದ ಪರೇಡಿನಲ್ಲಿ ನನ್ನ ಗೆಳೆಯ ಮುಖ ಕೆಳಗಾಗಿ ಬಿದ್ದ. ಇಷ್ಟು ನಿಜ. ಅವನ ಗಲ್ಲದ ಕೆಳಗೆ ಹೊಲಿಗೆಯ ಗುರುತು ಇಂದಿಗೂ ಇದೆ, ಮುಂದಿನ ಎರಡು ಹಲ್ಲು ಕಟ್ಟಿಸಿದವು. ಉಳಿದದ್ದೆಲ್ಲ ನನಗೆ ಬಹಳ ವರ್ಷ ಖಚಿತವಾಗಿತ್ತು. ಈಗ ಇಲ್ಲ.

ನಾವಿಬ್ಬರೂ ಡಿಗ್ರಿ ಎರಡನೇ ವರ್ಷದಲ್ಲಿದ್ದೆವು, ಕಾಲೇಜಿನ ಕೆಡೆಟ್‌ಗಳು. ನನ್ನ ಮನೆ ದೇರೆಬೈಲಿನಲ್ಲಿ. ಅವನದು ನದಿಯಾಚೆ ಬೆಂಗ್ರೆಯಲ್ಲಿ, ಮೀನುಗಾರರ ಮನೆ. ಬೆಳಗಿನ ಅಭ್ಯಾಸಕ್ಕೆ ಅವನು ಮೊದಲ ದೋಣಿ ಹಿಡಿದು ಈಚೆ ದಡಕ್ಕೆ ಬರಬೇಕಿತ್ತು. ಇಬ್ಬರ ಎತ್ತರವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ತುಕಡಿಯ ಮಾರ್ಕರ್ ಯಾರಾಗಬೇಕು ಎಂಬ ಪ್ರಶ್ನೆ ಬಂದಾಗ ನಾವಿಬ್ಬರೇ ಉಳಿದೆವು. ಮಾರ್ಕರ್ ಎಂದರೆ ಮುಂದಿನ ಸಾಲಿನ ಬಲತುದಿಯಲ್ಲಿ ನಿಲ್ಲುವವನು. ಅವನನ್ನು ನೋಡಿಯೇ ಉಳಿದವರೆಲ್ಲ ಸಾಲು ಸರಿಮಾಡಿಕೊಳ್ಳುತ್ತಾರೆ. ನಮಗೆ ಕಲಿಸಲು ಬರುತ್ತಿದ್ದ ಹವಾಲ್ದಾರರು, ನಾವು ಉಸ್ತಾದ್ ಎನ್ನುತ್ತಿದ್ದವರು, ಅವನನ್ನು ಆರಿಸಿದರು. “ಇವ ನಿಂತ್ರ ಕಂಬ ನೆಟ್ಟಂಗ ಅದ ನೋಡ್ರಿ,” ಎಂದರು. ನನಗೆ ಅವನ ಬೆನ್ನ ಹಿಂದೆ, ಎರಡನೇ ಸಾಲಿನಲ್ಲಿ ಜಾಗ ಸಿಕ್ಕಿತು. ಅಷ್ಟರಲ್ಲಿ ಅಪ್ಪ ಗಲ್ಫಿನಲ್ಲಿದ್ದ ಮಾವನಿಗೆ ಫೋನ್ ಮಾಡಿ ಮಗ ಮುಂದಿನ ಸಾಲಿನಲ್ಲಿರುತ್ತಾನೆ ಎಂದು ಹೇಳಿಯಾಗಿತ್ತು. ಮಾವ ರಜೆಯಲ್ಲಿ ಬರುವವರಿದ್ದರು, ಹೊಸ ಫೋನಿನಲ್ಲಿ ವಿಡಿಯೋ ತೆಗೆಯುವವರಿದ್ದರು.

ಪರೇಡಿಗೆ ನಾಲ್ಕು ದಿನ ಇರುವಾಗ ಉಸ್ತಾದರು ನಿಲ್ಲುವ ಪಾಠ ಮಾಡಿದರು. “ನಡಿಯೋದು ಕತ್ತೆಗೂ ಬರ್ತದ. ನಿಂದರೋದು ಕಲೀರಿ. ಮಂಡಿ ಬಿಗಿ ಹಿಡದು ನಿಂತ್ರ ಅರ್ಧಾ ತಾಸಿನ್ಯಾಗ ದೊಪ್ಪಂತ ಬೀಳ್ತೀರಿ. ಮಂಡಿ ಸ್ವಲ್ಪ ಸಡ್ಲ ಬಿಡ್ರಿ. ಬೂಟಿನೊಳಗ ಬೆರಳ ಆಡಿಸ್ಕೋತ ಇರ್ರಿ. ಹೊರಗಿನವ್ರಿಗೆ ಕಾಣಬಾರ್ದು.”

ಗೆಳೆಯ ಅಂದು ಬಂದಿರಲಿಲ್ಲ. ಬೋಟು ತಡವಾಗಿ ಬಂದದ್ದರಿಂದ ಧಕ್ಕೆಯಲ್ಲಿ, ಎಂದರೆ ಮೀನುಗಾರಿಕೆ ಬಂದರಿನಲ್ಲಿ, ಮೀನು ಇಳಿಸಲು ಅಪ್ಪನ ಜೊತೆ ನಿಂತಿದ್ದ. ಉಸ್ತಾದರು ನನ್ನನ್ನು ಕರೆದರು.

“ನಿನ್ನ ಮುಂದಿನಾಂವ ಎಲ್ಲಿ ಹೋದನಲೇ?”

“ಧಕ್ಕೆಯಲ್ಲಿ ಕೆಲಸ ಉಂಟಂತೆ ಸರ್.”

“ಮೀನಿಗೇನ್ ಪರೇಡ್ ಮಾಡಸ್ತಾನ? ಇವತ್ತಿಂದು ಅವಂಗ ನೀ ಹೇಳು. ನಿನ್ನ ಜವಾಬ್ದಾರಿ.”

“ಹೇಳ್ತೇನೆ ಸರ್.”

ಹೇಳ್ತೇನೆ ಎಂದದ್ದು ಸ್ಪಷ್ಟವಾಗಿ ನೆನಪಿದೆ. ಹೇಳಿದೆನೇ?

ಪರೇಡಿನ ದಿನದ ಭಾಷಣ ಉದ್ದವಾಗಿತ್ತು. ಜನವರಿಯಾದರೂ ಒಂಬತ್ತೂವರೆಗೇ ಬೆನ್ನಿಗೆ ಅಂಗಿ ಅಂಟುವ ಬಿಸಿಲು. ನನ್ನ ಕಣ್ಣ ಮುಂದೆ ಅವನ ಕುತ್ತಿಗೆ, ಅದರ ಕೆಳಗೆ ಕಾಲರಿನ ಕಪ್ಪಗಾದ ಅಂಚು. ಕುತ್ತಿಗೆ ಒಂದು ಇಂಚು ಮುಂದೆ ಹೋಗಿ ಹಿಂದೆ ಬಂತು. ಮತ್ತೆ ಹೋಯಿತು. ಸಾಲಿನಲ್ಲಿ ಮಾತಾಡಬಾರದು, ಪಕ್ಕದವರನ್ನು ಮುಟ್ಟಬಾರದು. ನಾನು ಮಾತಾಡಲಿಲ್ಲ, ಮುಟ್ಟಲಿಲ್ಲ. ಅವನು ಕೈಗಳನ್ನು ತೊಡೆಗೆ ಅಂಟಿಸಿಕೊಂಡೇ, ನಿಂತ ಹಾಗೆಯೇ ಬಿದ್ದ. ಮುಂದಿನ ಸಾಲಿನಲ್ಲಿ ಯಾರಾದರೂ ಬಿದ್ದರೆ ಹಿಂದಿನವನು ಆ ಜಾಗ ತುಂಬಬೇಕು, ಅದು ನಿಯಮ. ನಾಲ್ಕು ಜನ ಬಂದು ಅವನನ್ನು ಎತ್ತಿಕೊಂಡು ಹೋದರು. ನಾನು ಮುಂದೆ ಕಾಲಿಟ್ಟೆ. ಆಮೇಲೆ ತುಕಡಿ ವೇದಿಕೆಯ ಮುಂದೆ ಹಾದುಹೋದಾಗ ಎಲ್ಲರೂ ನನ್ನನ್ನು ನೋಡಿಯೇ ಸಾಲು ಹಿಡಿದರು.

ಅತ್ತಾವರದ ಆಸ್ಪತ್ರೆಯಲ್ಲಿ ಅವನ ದವಡೆಗೆ ತಂತಿ ಕಟ್ಟಿದ್ದರು. ಅವನ ಅಮ್ಮ ಮಂಚದ ಪಕ್ಕ ಕೂತು ಅವನನ್ನೇ ಬಯ್ಯುತ್ತಿದ್ದರು. “ಚಹಾ ಬಿಟ್ರೆ ಎಂತದೂ ತಿಂದಿಲ್ಲ ಇವ. ದೋಣಿ ತಪ್ತದೆ ಅಂತ ಓಡಿದ್ದು. ನೀನಾದ್ರೂ ಹೇಳ್ಬಾರದಾ ಮಗ ಇವನಿಗೆ?” ಹೌದು ಆಂಟಿ, ತಿನ್ನಬೇಕಿತ್ತು ಎಂದೆ. ಉಸ್ತಾದರೂ ಖಾಲಿ ಹೊಟ್ಟೆಯದ್ದೇ ತಪ್ಪು ಎಂದರು. ನಿಲ್ಲುವ ಪಾಠದ ಬಗ್ಗೆ ಅವರು ನನ್ನನ್ನು ಕೇಳಲಿಲ್ಲ, ನಾನೂ ಎತ್ತಲಿಲ್ಲ. ಮೂರು ವಾರಕ್ಕೆ ನೌಕಾಪಡೆಯ ಭರ್ತಿ ಇತ್ತು. ಅವನು ಕೆಡೆಟ್ ಆದದ್ದೇ ಅದಕ್ಕಾಗಿ. ತಂತಿ ಕಟ್ಟಿಕೊಂಡು ಹೋಗಲಾಗಲಿಲ್ಲ. ಪಿಯುಸಿಯಲ್ಲಿ ಒಂದು ವರ್ಷ ಕಳೆದುಕೊಂಡಿದ್ದರಿಂದ ಮರುವರ್ಷಕ್ಕೆ ವಯಸ್ಸು ಮೀರಿತ್ತು.

ಹೇಳಿದ್ದೆ ಎಂದೇ ನಾನು ನಂಬಿದ್ದೆ. ಪುರಾವೆಯೂ ಇತ್ತು. ಬಿಜೈ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ ಬೆರಳಿನ ವಿಷಯ ಹೇಳಿದೆ, ಅವನು ನಕ್ಕು “ಬೂಟಿನೊಳಗೆ ಎಂತ, ಹಾರ್ಮೋನಿಯಂ ಉಂಟಾ ಮಾರಾಯ?” ಎಂದ. ಇಂಥ ಮಾತನ್ನು ನಾನು ಕಟ್ಟಿಕೊಳ್ಳಲಾರೆ, ಕೇಳಿದ್ದೇ ಇರಬೇಕು ಎನ್ನುವುದು ನನ್ನ ವಾದ.

ಆಮೇಲೆ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದಿದೆ. ಸಾಕ್ಷಿ ಹೇಳುವವನಿಗೆ ಆ ಸಾಕ್ಷಿಯಿಂದ ಲಾಭ ಇದೆಯೇ ಎಂದು ಮೊದಲು ಕೇಳಬೇಕು ಎಂದು ಅಲ್ಲಿ ಕಲಿತೆ. ಊರ ಪಟೇಲರ ಕಾಗದಗಳಿಗೆ ಆ ಪ್ರಶ್ನೆ ಹಾಕಿ ಅಂಕ ತೆಗೆದುಕೊಂಡೆ. ನನ್ನ ನೆನಪಿಗೆ ಹಾಕಲಿಲ್ಲ.

ಕಳೆದ ವರ್ಷ ಹಳೆಯ ಕೆಡೆಟ್‌ಗಳು ಒಂದೆಡೆ ಸೇರಿದೆವು. ನಮಗಿಂತ ಒಂದು ವರ್ಷ ಚಿಕ್ಕವನೊಬ್ಬ ಊಟದ ಮಧ್ಯೆ ನನ್ನ ಭುಜಕ್ಕೆ ಹೊಡೆದು, “ಅಣ್ಣ, ನೀವು ಬೆರಳಾಡಿಸ್ಲಿಕ್ಕೆ ಕಲಿಸುವಾಗ ನಾನು ಹಾರ್ಮೋನಿಯಂ ಉಂಟಾ ಕೇಳಿ ಹತ್ತು ಸುತ್ತು ಓಡಿದ್ದು ನೆನಪುಂಟಾ?” ಎಂದ. ಎಲ್ಲರೂ ನಕ್ಕರು. ಅದು ಪರೇಡಿನ ಮರುವರ್ಷದ ಮಾತು. ಅವನನ್ನು ಓಡಿಸಿದವನು ನಾನೇ. ಮೈದಾನ, ಸುತ್ತು, ಅವನ ಏದುಸಿರು, ಎಲ್ಲ ಒಮ್ಮೆಗೇ ನೆನಪಾಯಿತು. ಹೋಟೆಲಿನ ಮೇಜಿನಿಂದ ಆ ನಗೆ ತೆಗೆದ ಮೇಲೆ ಅಲ್ಲಿ ಉಳಿದದ್ದು ಬನ್ಸ್ ಮಾತ್ರ. ಗೆಳೆಯ ಎದುರಿಗೆ ಕೂತಿದ್ದನೇ ಎಂದು ಕೂಡ ಹೇಳಲಾರೆ.

ಮಾವನ ವಿಡಿಯೋ ತರಿಸಿ ನೋಡಿದೆ. ಅದರಲ್ಲಿ ಅವನು ಬೀಳುವುದಿಲ್ಲ; ಆ ಹೊತ್ತಿಗೆ ಮಾವ ವೇದಿಕೆಯನ್ನು ತೋರಿಸುತ್ತಿದ್ದರು. ಫೋನು ಮತ್ತೆ ನಮ್ಮತ್ತ ತಿರುಗುವಾಗ ನಾನು ಮುಂದಿನ ಸಾಲಿನಲ್ಲಿದ್ದೇನೆ. “ಅಗೋ, ನಮ್ಮವ ಮುಂದೆ ಬಂದ!” ಎನ್ನುವ ಮಾವನ ದನಿ ಕೇಳುತ್ತದೆ.

ಈ ಜೂನ್ ತಿಂಗಳಲ್ಲಿ ಧಕ್ಕೆಗೆ ಹೋದೆ. ಗೆಳೆಯ ಈಗ ಒಂದು ಬೋಟಿನ ತಾಂಡೇಲ, ಎಂದರೆ ಅದನ್ನು ನಡೆಸುವವನು. ಶೆಡ್ಡಿನಲ್ಲಿ ಬಲೆ ಹರಡಿಕೊಂಡು, ಹರಿದ ಕಣ್ಣುಗಳನ್ನು ಹೆಣೆಯುತ್ತ ಕೂತಿದ್ದ.

“ಎಂತ ಪ್ರೊಫೆಸರ್ರೇ, ಮೀನು ಬೇಕಾದ್ರೆ ಮಾರ್ಕೆಟಿಗೆ ಹೋಗ್ಬೇಕು,” ಎಂದ.

ಬಂದ ವಿಷಯ ಹೇಳಿದೆ. ನಿಲ್ಲುವ ಪಾಠವನ್ನು ಅವನಿಗೆ ಮುಟ್ಟಿಸುವಂತೆ ಉಸ್ತಾದರು ನನಗೆ ಹೇಳಿದ್ದರು, ನಾನು ಹೇಳಿದ್ದೆನೇ ಎಂದು ಕೇಳಿದೆ.

“ಹೇಳಿದ್ದಿ,” ಎಂದ, ತಲೆ ಎತ್ತದೆ.

“ಎಂತ ಹೇಳಿದ್ದೆ?”

“ಅದೇ ಮಾರಾಯ, ತಿಂದು ಬಾ ಅಂತ.”

“ಅದಲ್ಲ. ಮಂಡಿ ಸಡಿಲ ಬಿಡುವುದು, ಬೆರಳು ಆಡಿಸುವುದು.”

ಅವನ ಕೈ ನಿಂತಿತು. “ಈಗ ನಿನಗೆ ಎಂತ ಬೇಕು? ಹೇಳಿದ್ದಿ ಅನ್ಬೇಕಾ, ಹೇಳ್ಲಿಲ್ಲ ಅನ್ಬೇಕಾ? ಯಾವುದು ಬೇಕೋ ಅದು ಹೇಳ್ತೇನೆ. ನನಗೆ ನೆನಪಿಲ್ಲ.”

ಅಲ್ಲಿಗೆ ಎದ್ದು ಬರಬಹುದಿತ್ತು. ಆದರೆ ನನಗೆ ಗೊತ್ತಿದ್ದ ಒಂದೇ ವಿಷಯ ಉಳಿದಿತ್ತು, ಅದನ್ನು ಮುಚ್ಚಿಟ್ಟುಕೊಂಡು ಹೋಗುವುದು ಮೋಸವೆನಿಸಿತು. “ನಿನ್ನ ಜಾಗ ನನಗೆ ಬೇಕಿತ್ತು,” ಎಂದೆ. “ನೀನು ಪಾಠಕ್ಕೆ ಬಾರದ ದಿನ ನನಗೆ ಖುಷಿಯಾಗಿತ್ತು. ನೀನು ಹಿಂದೆಮುಂದೆ ಓಲಾಡುವುದು ಬೀಳುವ ಮೊದಲೇ ಕಂಡಿತ್ತು.”

“ಕಂಡಿತ್ತಾ?”

“ಹೌದು.”

“ಹಿಡೀಲಿಕ್ಕೆ ಆಗ್ತಿತ್ತಾ?”

“ಆಗ್ತಿತ್ತು ಅಂತ ಕಾಣ್ತದೆ.”

ಅವನು ಬಲೆಯ ಕಡೆ ತಿರುಗಿದ. “ಇಷ್ಟು ವರ್ಷ ನಾನು ಅಮ್ಮನ ಹತ್ರ ಬೈಗುಳ ತಿಂದೆ, ತಿಂಡಿ ತಿನ್ನದೆ ಹೋದದ್ದಕ್ಕೆ. ನಂದೇ ತಪ್ಪು ಅಂತಲೇ ಇದ್ದೆ,” ಎಂದ. ಒಂದು ಗಂಟು ಬಿಗಿದು, “ಅಮ್ಮ ಹೋಗಿ ಎರಡು ವರ್ಷ ಆಯ್ತು. ನಿನಗೆ ಆಗ ಹೇಳ್ಲಿಕ್ಕೆ ಎಂತ ಆಗಿತ್ತು?”

ಶೆಡ್ಡಿನಲ್ಲಿದ್ದ ಇನ್ನೊಬ್ಬರು ನಮ್ಮ ಕಡೆ ನೋಡಿ ಮುಖ ತಿರುಗಿಸಿಕೊಂಡರು. ಅವನು ಸೂಜಿಗೆ ನೂಲು ಸುತ್ತಿಕೊಳ್ಳಲು ತೊಡಗಿದ. ನಾನು ಎದ್ದು ಬಂದೆ.

ಕಳೆದ ಭಾನುವಾರ ಫೋನ್ ಮಾಡಿದೆ. ಅವನ ಹೆಂಡತಿ ಎತ್ತಿದರು. ಒಂದು ಕ್ಷಣ ಫೋನಿಗೆ ಕೈ ಮುಚ್ಚಿದ ಸದ್ದು. ಆಮೇಲೆ, “ಅವರು ಕಡಲಿಗೆ ಹೋಗಿದ್ದಾರೆ,” ಎಂದರು. ಮಳೆಗಾಲದ ಮೀನುಗಾರಿಕೆ ನಿಷೇಧ ಇನ್ನೂ ಮುಗಿದಿಲ್ಲ, ಬೋಟುಗಳನ್ನೆಲ್ಲ ಧಕ್ಕೆಯಲ್ಲೇ ಕಟ್ಟಿಹಾಕಿದ್ದಾರೆ. ಅವರಿಗೂ ಗೊತ್ತು, ನನಗೂ ಗೊತ್ತು. ಸರಿ, ಬಂದ ಮೇಲೆ ಹೇಳಿ ಎಂದೆ.