ಹುಣಸೆ ಮರದ ಕೈಯಿದ್ದ ಕಾರು

ನಾನು ಸ್ಕೂಟರಿನಿಂದ ಬಿದ್ದು ನಾಲ್ಕು ತಿಂಗಳಾಯಿತು. ಬಿದ್ದೆ ಅಂದರೆ ನೀವು ಏನೇನೋ ಕಲ್ಪಿಸಿಕೊಂಡು ಕನಿಕರಪಡಬೇಡಿ. ನಮ್ಮ ಬಂಗಾರಪೇಟೆಯ ರೈಲ್ವೆ ಗೇಟು ತೆರೆಯಿತು, ಹಿಂದಿನ ಲಾರಿಯವನು ಹಾರ್ನ್ ಹೊಡೆದ, ನಾನು ಗಾಬರಿಯಾಗಿ ಎಕ್ಸಿಲರೇಟರನ್ನು ಒಂದೇ ಸಲಕ್ಕೆ ತಿರುವಿದೆ. ಗಾಡಿ ಎಗರಿತು. ಕಣ್ಣು ಬಿಟ್ಟಾಗ ಹಳಿಯ ಪಕ್ಕದ ಜಲ್ಲಿಯ ಮೇಲೆ ಕೂತಿದ್ದೆ. ನನ್ನ ಮಣಿಕಟ್ಟು ಬಿರುಕು ಬಿಟ್ಟಿತ್ತು, ಅದು ಕೂಡಿಕೊಂಡಿತು. ಆದರೆ ಹಿಂದೆ ಮಗಳು ಕೂತಿದ್ದಳಲ್ಲ, ಅವಳ ಮೊಣಕೈಗೆ ಆರು ಹೊಲಿಗೆ ಬಿದ್ದವು. ಅವಳು ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ ಟೀಚರ್. ದಿನಾ ಬೆಳಿಗ್ಗೆ ಅವಳನ್ನು ಮಾರಿಕುಪ್ಪಂ ರೈಲಿಗೆ ಬಿಟ್ಟು ಬರುವುದು ನನ್ನ ಕೆಲಸ, ನನ್ನ ಜಂಬ ಕೂಡ. ಬಿದ್ದ ಮೇಲೆ ಅವಳು ಆಟೊದಲ್ಲಿ ಹೋಗುತ್ತಿದ್ದಳು. ಸ್ಕೂಟರು ಷೆಡ್ಡಿನಲ್ಲಿ ಹಳೇ ಬೆಡ್‌ಶೀಟ್ ಹೊದ್ದುಕೊಂಡು ನಿಂತಿತ್ತು. ನಾಳೆ ತೆಗೀತೀನಿ, ನಾಳೆ ತೆಗೀತೀನಿ ಎಂದು ನಾನು ದಿನ ನೂಕುತ್ತಿದ್ದೆ.

ಮೊನ್ನೆ ಭಾನುವಾರ ಗಾಡಿಯ ಧೂಳು ಹೊಡೆಯುತ್ತೇನೆಂದು ಷೆಡ್ಡಿಗೆ ಹೋದೆ. ಹೋದವಳು ಗಾಡಿಯನ್ನು ಮುಟ್ಟದೇ ಇರಲು ಬೇರೆ ಕೆಲಸ ಹುಡುಕಿಕೊಂಡು, ಅಟ್ಟದ ಮೇಲಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿದೆ. ಮುಚ್ಚಳ ತೆಗೆದರೆ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ, ಹಳೇ ರಬ್ಬರಿನ ವಾಸನೆ. ಒಳಗೆ ನಮ್ಮ ಕಾರು! ಎತ್ತಿ ಬೋರಲು ಹಾಕಿದೆ, ಸಂದಿಗೊಂದಿಯಿಂದ ಬೂದುಬಣ್ಣದ ನುಣ್ಣನೆಯ ಪುಡಿ ಸೆರಗಿನ ಮೇಲೆ ಉದುರಿತು. ಸೈನೈಡ್ ಗುಡ್ಡದ ಪುಡಿ. ಕೆಜಿಎಫ್‌ನಲ್ಲಿ ಸಂಸಾರ ಮಾಡಿದವರಿಗೆ ಅದರ ಪರಿಚಯ ಮಾಡಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿಯನ್ನು ಅಲ್ಲಿ ಗುಡ್ಡಗುಡ್ಡವಾಗಿ ಸುರಿದಿದ್ದರು. ಗಾಳಿ ಬೀಸಿದ ದಿನ ಅದು ನಮ್ಮ ಅನ್ನದಲ್ಲೂ ಸಿಗುತ್ತಿತ್ತು, ದಿಂಬಿನ ಮೇಲೂ ಸಿಗುತ್ತಿತ್ತು.

ಕಾರು ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ನಾವು ದಾವಣಗೆರೆ ಕಡೆಯವರು. ನಮ್ಮವರಿಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ, ಆಂಡರ್ಸನ್‌ಪೇಟೆಯಲ್ಲಿ ಬಾಡಿಗೆ ಮನೆ. ಕಾರ್ಖಾನೆಯವರು ಅವರನ್ನು ಮೂರು ತಿಂಗಳ ತರಬೇತಿಗೆ ಜಪಾನಿಗೆ ಕಳಿಸಿದರು. ನಾನಾಗ ಬಸುರಿ. ಜಪಾನಿಗೆ ಹೋದವರೆಲ್ಲ ಟೇಪ್ ರೆಕಾರ್ಡರ್ ತರುತ್ತಾರೆಂದು ಬೀದಿಗೆ ಬೀದಿಯೇ ನನಗೆ ಹೇಳಿತ್ತು. ನಾನು ಅದಕ್ಕೊಂದು ಮೂಲೆ ಮೇಜು ಗೊತ್ತುಮಾಡಿ, ಧೂಳು ಬೀಳದ ಹಾಗೆ ಕ್ರೋಷಾದಲ್ಲಿ ಹೊದಿಕೆಯನ್ನೂ ಹೆಣೆದಿಟ್ಟಿದ್ದೆ. ನಮ್ಮವರು ಬಂದು ಪೆಟ್ಟಿಗೆ ಬಿಚ್ಚಿದರೆ ಒಳಗೆ ಬರೀ ಪ್ಲಾಸ್ಟಿಕ್ ತುಂಡುಗಳು, ಪೊಟ್ಟಣಗಟ್ಟಲೆ ಸ್ಕ್ರೂಗಳು.

"ಏನ್ರೀ ಇದು?"

"ಕಾರು."

"ಎಲ್ಲಿದೆ?"

"ಜೋಡಿಸ್ಬೇಕು."

ಹುಟ್ಟುವ ಮಗುವಿಗೆ ಎಂದು ಆಮೇಲೆ ಸಮಜಾಯಿಷಿ ಕೊಟ್ಟರು. ನಾನು ಎರಡು ದಿನ ಮಾತು ಬಿಟ್ಟೆ. ಅವರು ಅದನ್ನು ಗಮನಿಸಲೇ ಇಲ್ಲ, ಸ್ಕ್ರೂ ತಿರುಗಿಸುತ್ತಿದ್ದರು.

ಎಂಟು ದಿನದಲ್ಲಿ ಕಾರು ಎದ್ದು ನಿಂತಿತು. ರಿಮೋಟಿನಿಂದ ಓಡಿಸುವ, ಒಂದು ಮೊಳಕ್ಕೂ ಸ್ವಲ್ಪ ಚಿಕ್ಕದಾದ ರೇಸಿನ ಆಟದ ಕಾರು. ಮುಳ್ಳುಮುಳ್ಳಾದ ನಾಲ್ಕು ಟಯರು. ಒಂದೊಂದು ಚಕ್ರವನ್ನೂ ಹಿಡಿದುಕೊಳ್ಳಲು ಒಂದೊಂದು ಪ್ಲಾಸ್ಟಿಕ್ ಕೈ, ಅದರ ಮೇಲೆ ಸ್ಪ್ರಿಂಗು, ಸ್ಪ್ರಿಂಗಿನೊಳಗೆ ಎಣ್ಣೆ ತುಂಬಿದ ಪುಟ್ಟ ಕೊಳವೆ. ನಾಲ್ಕು ಚಕ್ರಕ್ಕೂ ಮೋಟರಿನ ಬಲ ಹೋಗುವುದರಿಂದ ಎಲ್ಲೂ ಹೂತುಕೊಳ್ಳುವುದಿಲ್ಲ ಎಂದು ನಮ್ಮವರು ಕಂಡಕಂಡವರಿಗೆಲ್ಲ ಹೇಳಿದರು. ಅದು ನಿಜ. ಸೈನೈಡ್ ಗುಡ್ಡದ ಬುಡದ ಬಯಲಿನಲ್ಲಿ ಬಿಟ್ಟರೆ, ನಮ್ಮ ಪಾದ ಹೂತುಹೋಗುವ ಪುಡಿಯಲ್ಲಿ ಅದು ಬಾಲದಂತೆ ಧೂಳೆಬ್ಬಿಸಿಕೊಂಡು ಓಡುತ್ತಿತ್ತು. ಸಮಸ್ಯೆಯಿದ್ದದ್ದು ತಿರುಗಿಸುವುದರಲ್ಲಿ. ಜೋರಿನಲ್ಲಿದ್ದಾಗ ತಿರುಗು ಅಂದರೆ, ಆಮೇಲೆ ನೋಡೋಣ ಎಂದು ನೇರ ಹೋಗುತ್ತಿತ್ತು. ಇನ್ನೊಂದು ಪೇಚು ಅದು ನಮ್ಮ ಕಡೆ ಮುಖ ಮಾಡಿ ಬರುವಾಗ. ಆಗ ಅದರ ಬಲ ನಮ್ಮ ಎಡ. ರಿಮೋಟಿನ ಕಡ್ಡಿಯನ್ನು ಯಾವ ಕಡೆ ದೂಡಬೇಕೆಂದು ನಮ್ಮವರು ಯೋಚಿಸಿ ಮುಗಿಸುವಷ್ಟರಲ್ಲಿ ಅದು ಯಾವುದಕ್ಕಾದರೂ ಗುದ್ದಿರುತ್ತಿತ್ತು. ಮೂರನೇ ದಿನವೇ ನಮ್ಮ ಮನೆ ಮಾಲೀಕರ ಗೇಟಿನ ಕಲ್ಲುಕಂಬಕ್ಕೆ ಹೋಗಿ ಬಡಿದು, ಮುಂದಿನ ಎಡಗೈ ಎರಡು ತುಂಡಾಯಿತು.

ನಮ್ಮವರು ಆ ತುಂಡು ಹಿಡಿದುಕೊಂಡು ನಿಂತದ್ದು ನೋಡಿ ನನಗೇ ಅಯ್ಯೋ ಅನ್ನಿಸಿತು. ಬಿಡಿಭಾಗ ಬೇಕೆಂದರೆ ಮತ್ತೆ ಜಪಾನಿಗೇ ಹೋಗಬೇಕು. ಆಗ ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಮಾಲೀಕರು ಕೈ ಒರೆಸಿಕೊಂಡು ಬಂದರು. ಅವರ ಹೆಸರು ಮುನಿಯಪ್ಪ. ಕಾಮಸಮುದ್ರದ ಕಡೆಯ ಒಕ್ಕಲು ಮನೆಯವರು, ಹದಿವಯಸ್ಸಿಗೇ ಗಣಿಗೆ ಸೇರಿದವರು, ಆಗ ಕೆಲಸ ಬಿಟ್ಟು ಮನೆಯಲ್ಲಿದ್ದರು.

"ಕೊಡಪ್ಪಾ ಇಲ್ಲಿ," ಎಂದು ತುಂಡನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಜಪಾನ್ದು ಅಂತೀಯ, ಇಷ್ಟೇನಾ? ಇದ್ಕಿಂತ ನಮ್ ಉಣಸೇ ಮರ ವಾಸಿ ಬುಡು," ಎಂದರು.

ಎರಡು ದಿನ ಜಗಲಿಯ ಮೇಲೆ ಕೂತು ಹುಣಸೆಯ ಚೇಗನ್ನು, ಅಂದರೆ ಒಳಗಿನ ಗಟ್ಟಿ ಮರವನ್ನು ಕೆತ್ತಿ, ಅರ ಹಾಕಿ ಉಜ್ಜಿ, ಕಾಸಿದ ಕಂಬಿಯಿಂದ ತೂತು ಕೊರೆದು ಅಂಥದ್ದೇ ಒಂದು ಕೈ ಮಾಡಿಕೊಟ್ಟರು. ಆಮೇಲೆ ಉಳಿದ ಮೂರು ಜಪಾನಿ ಕೈಗಳೂ ಒಂದಲ್ಲ ಒಂದು ಸಲ ಬಿರುಕು ಬಿಟ್ಟವು. ಹುಣಸೆಯದು ಇವತ್ತಿಗೂ ಹಾಗೇ ಇದೆ, ಎಣ್ಣೆ ಕುಡಿದು ಕಪ್ಪಗಾಗಿದೆ ಅಷ್ಟೆ.

ಇಷ್ಟು ಚಂದದ ಕೈಕೆಲಸ ಬಲ್ಲ ಮನುಷ್ಯನಲ್ಲಿ ನಾನೊಂದು ವಿಚಿತ್ರ ಗಮನಿಸಿದ್ದೆ. ಅವರ ಎಮ್ಮೆ ಈದಾಗ ಎದ್ದು ನಿಲ್ಲಲಾರದ ಕರುವಿಗೆ ಅವರು ಕೈ ಕೊಡಲಿಲ್ಲ, ದೂರ ನಿಂತು ಹೆಂಡತಿಯನ್ನು ಕೂಗಿದರು. ಯಾರಾದರೂ ಮಗು ಎತ್ತಿಕೊಂಡು ಬಂದರೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಅವರ ಹೆಂಡತಿ ವೆಂಕಟಮ್ಮ ನನ್ನ ಜತೆ ಅಕ್ಕಿ ಆರಿಸುತ್ತಾ ಅದನ್ನು ಬಿಡಿಸಿ ಹೇಳಿದರು.

ಮುನಿಯಪ್ಪ ಗಣಿಯಲ್ಲಿ ವೈಂಡಿಂಗ್ ಡ್ರೈವರ್ ಆಗಿದ್ದರಂತೆ. ಅಂದರೆ, ಆಳುಗಳನ್ನು ಭೂಮಿಯೊಳಕ್ಕೆ ಇಳಿಸುವ, ಮೇಲೆತ್ತುವ ಕೇಜಿನ ಹಗ್ಗ ನಡೆಸುವವರು. ಕೇಜು ಪಾತಾಳದಲ್ಲಿ, ಡ್ರೈವರ್ ಮೇಲಿನ ಎಂಜಿನ್ ಮನೆಯಲ್ಲಿ. ಕೇಜು ಅವರಿಗೆ ಕಾಣುವುದಿಲ್ಲ. ಎದುರಿನ ಮೀಟರಿನ ಮುಳ್ಳು ನೋಡಬೇಕು, ಕೆಳಗಿನವರು ಬಾರಿಸುವ ಗಂಟೆ ಕೇಳಬೇಕು, ಕೈಯಲ್ಲಿ ಹಿಡಿ ಹಿಡಿದಿರಬೇಕು.

"ಇಪ್ಪತ್ತು ವರ್ಸ ಊವಿನಂಗೆ ಇಳಿಸ್ದೋರಮ್ಮ," ಎಂದರು ವೆಂಕಟಮ್ಮ. "ಒಂದಿನ ಕೇಜು ತಳದಾಗೆ ಜೋರಾಗಿ ಕುಂತ್ಬುಡ್ತು. ಯಾರೂ ಸಾಯ್ಲಿಲ್ಲ, ದೇವ್ರು ದೊಡ್ಡೋನು. ಒಬ್ಬನ ಕಾಲು ಮುರೀತು. ಇವ್ರ್ದು ತಪ್ಪಿಲ್ಲ ಅಂತ ಬರ್ದೂ ಕೊಟ್ರು. ಇವ್ರು ಒಪ್ಕಬೇಕಲ್ಲ! ನನ್ ಕೈ ಮ್ಯಾಲೆ ನಂಗೇ ನಂಬ್ಕೆ ಇಲ್ಲ ಅಂತ ಕೆಲ್ಸ ಬುಟ್ರು. ಅವತ್ನಿಂದ ಜೀವ ಇರೋದ್ನ ಮುಟ್ಟಲ್ಲ. ಮಗಳು ಬಾಣಂತನಕ್ಕೆ ಬಂದಿದ್ಲು, ಅವಳ ಕೂಸ್ನೂ ಎತ್ಲಿಲ್ಲ. ಎತ್ತು ನಾಯನಾ, ಎತ್ತು ನಾಯನಾ ಅಂತ ಅಪ್ಪನ್ನ ಬೇಡ್ಕಂಡು, ಕೊನೇಗೆ ಮುನಿಸ್ಕಂಡು ಓದೋಳು ಇನ್ನಾ ಬಂದಿಲ್ಲ."

ಮಾತಾಡುತ್ತಲೇ ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದರು. ನನಗೆ ತಾಯಿಯಿರಲಿಲ್ಲ, ಬಾಣಂತನ ಇಲ್ಲೇ, ವೆಂಕಟಮ್ಮನ ಕೈಯಲ್ಲೇ ಎಂದು ಆಗಲೇ ಮಾತಾಗಿತ್ತು. ನನ್ನ ಮಗುವನ್ನೂ ಆ ಮನುಷ್ಯ ಕೈ ಕಟ್ಟಿಕೊಂಡು ನೋಡುವುದನ್ನು ನೆನೆಯುತ್ತಾ ನಾನು ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ.

ಮರದ ಕೈ ಕೂರಿಸಿದ ಮೇಲೆ ಎಲ್ಲರೂ ಬಯಲಿಗೆ ಹೋದೆವು. ನಮ್ಮವರು ರಿಮೋಟನ್ನು ಮುನಿಯಪ್ಪನವರ ಮುಂದೆ ಹಿಡಿದು, "ಮೊದಲು ನೀವೇ ಓಡಿಸಿ," ಎಂದರು. ಅವರು ಹಿಂದೆ ಸರಿದರು. "ಅಯ್ಯೋ, ಅದ್ರಾಗೇನು ಜೀವ ಐತಾ? ಇಡ್ಕೊಳಿ!" ಎಂದು ವೆಂಕಟಮ್ಮ ಗದರಿದ ಮೇಲೆ ಹಿಡಿದರು. ಹಿಡಿದವರು ಸುಮ್ಮನೆ ನಿಂತರು. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು. ಬ್ಯಾಟರಿ ಇಳಿದಿದೆಯೋ ಎಂದು ನಮ್ಮವರು ಬಗ್ಗಿ ನೋಡಿದರು.

"ಯಾಕೆ, ಬಿಡ್ತಿಲ್ವಲ್ಲ?"

"ಗಂಟೆ ಒಡೀಲಿಲ್ವಲ್ಲಪ್ಪಾ," ಎಂದರು ಮುನಿಯಪ್ಪ.

ನಮಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಗಂಟೆಯಿಲ್ಲದೆ ಹಿಡಿ ಅಲುಗಿಸುವುದು ಅವರ ಕೈಗೆ ಬರುತ್ತಲೇ ಇರಲಿಲ್ಲ. ನನ್ನ ಹತ್ತಿರ ಮಜ್ಜಿಗೆ ತಂದ ಸ್ಟೀಲ್ ಡಬ್ಬಿಯಿತ್ತು, ಮನೆಯ ಬೀಗದ ಕೈಯಿತ್ತು. "ಹೇಗೆ ಬಾರಿಸಬೇಕು ಹೇಳಿ," ಎಂದೆ.

"ಒಂದು ಒಡುದ್ರೆ ಮೇಲಕ್ಕೆ. ಎರಡು ಒಡುದ್ರೆ ಕೆಳಕ್ಕೆ. ಒಳಗೆ ಆಳು ಇದ್ರೆ ಅದಕ್ಕೂ ಮುಂಚೆ ಮೂರು ಒಡೀಬೇಕು. ಅದಿರು ಆದ್ರೆ ಬ್ಯಾಡ, ಎಂಗಾದ್ರೂ ಎಳೀಬೌದು. ಇದ್ರಾಗೆ ಅದಿರೋ, ಆಳೋ?"

ನನಗೇನನ್ನಿಸಿತೋ, "ಆಳು," ಎಂದೆ. ಮೂರು ಬಡಿದೆ. ತಡೆದು, ಒಂದು.

ಕಾರು ಹೊರಟದ್ದೇ ತಿಳಿಯಲಿಲ್ಲ. ನಮ್ಮವರ ಕೈಯಲ್ಲಿ ಕಪ್ಪೆಯಂತೆ ಜಿಗಿಯುತ್ತಿದ್ದದ್ದು ಅವರ ಕೈಯಲ್ಲಿ ಜಾರಿಕೊಂಡು ಹೋಯಿತು. ತಿರುವಿಗೆ ಬಹಳ ಮುಂಚೆಯೇ ವೇಗ ಇಳಿಸಿ, ತಿರುಗಿಸಿ, ತಿರುಗಿದ ಮೇಲೆ ಮತ್ತೆ ಏರಿಸಿದರು. ನಾಲ್ಕೂ ಚಕ್ರ ನೆಲ ಕಚ್ಚಿಕೊಂಡು ಗುಡ್ಡದ ಅಂಚು ಹತ್ತಿ ಇಳಿದವು. ನಮ್ಮ ಕಡೆ ಮುಖ ಮಾಡಿ ಬಂದಾಗಲೂ ಅವರಿಗೆ ಎಡಬಲ ತಪ್ಪಲಿಲ್ಲ. ಅದು ಹೇಗೆ ಎಂದು ನಮ್ಮವರು ಹೊಟ್ಟೆಕಿಚ್ಚಿನಿಂದಲೇ ಕೇಳಿದರು.

"ನೀನು ಇಲ್ಲಿ ನಿಂತ್ಕಂಡು ಓಡಿಸ್ತೀಯ. ನಾನು ಅದ್ರೊಳಗೆ ಕುಂತಿರ್ತೀನಿ. ಒಳಗೆ ಕುಂತೋನ್ಗೆ ಬಲ ಯಾವಾಗ್ಲೂ ಬಲವೇ ಕಣಪ್ಪಾ."

ಅವತ್ತು ಕಾರು ನನ್ನ ಕಾಲ ಬಳಿ ಬಂದು ನಿಂತಾಗ, ಅದರ ಮೇಲಿಟ್ಟಿದ್ದರೆ ತುಂಬಿದ ಲೋಟವೂ ತುಳುಕುತ್ತಿರಲಿಲ್ಲ. ವೆಂಕಟಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಧೂಳಿಗೆ ಬೈದರು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಬಯಲು, ಕಾರು, ನನ್ನ ಡಬ್ಬಿ. ಬಸುರಿ ಹೆಂಗಸು ಸೈನೈಡ್ ಗುಡ್ಡದ ಬುಡದಲ್ಲಿ ಡಬ್ಬಿ ಬಾರಿಸುವುದನ್ನು ನೋಡಿ ಊರವರು ಏನಂದುಕೊಂಡರೋ ಗೊತ್ತಿಲ್ಲ. ಮನೆಗೆ ಬಂದು ಮುನಿಯಪ್ಪ ಹಲ್ಲುಜ್ಜುವ ಬ್ರಶ್ಶಿನಿಂದ ಗಿಯರುಗಳ ಸಂದಿಯ ಪುಡಿ ಕೆರೆದು, ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟು, ನನ್ನ ಕ್ರೋಷಾ ಹೊದಿಕೆ ಹೊದಿಸಿ ಮಲಗಿಸುತ್ತಿದ್ದರು. ಟೇಪ್ ರೆಕಾರ್ಡರಿಗೆಂದು ಹೆಣೆದದ್ದು ಅದಕ್ಕೆ ಸರಿಹೋಗಿತ್ತು.

ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬಂದ ದಿನ ವೆಂಕಟಮ್ಮ ಬಾಗಿಲಲ್ಲಿ ದೃಷ್ಟಿ ತೆಗೆದರು, ಮುನಿಯಪ್ಪ ಎಮ್ಮೆಯ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ದಿನಕ್ಕೆ ನಾಲ್ಕು ಸಲ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದು ಹೊಸ್ತಿಲಲ್ಲಿ ನಿಲ್ಲುವರು. ಮಗುವನ್ನು ನೋಡುವರು. ತೊಳೆದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೋಗುವರು. ನಾನು "ಎತ್ಕೊಳ್ಳಿ ತಾತ" ಎಂದರೆ, "ಬ್ಯಾಡಮ್ಮ, ಎಳೇ ಜೀವ" ಎನ್ನುವರು.

ಹೀಗೇ ಒಂದೂವರೆ ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ವೆಂಕಟಮ್ಮ ಮಗುವಿಗೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಹಳೇ ಪಂಚೆಯಲ್ಲಿ ಸುತ್ತಿ ಹೊರಗೆ ತಂದರು. ಮುನಿಯಪ್ಪ ಹೊಸ್ತಿಲಲ್ಲಿದ್ದರು. "ಇಡ್ಕೊಳಿ," ಎಂದರು ಆಕೆ. ಅವರು ತಲೆಯಾಡಿಸಿದರು. ಆಕೆ ಮಗುವನ್ನು ಚಾಚಿದ ಕೈ ಹಿಂತೆಗೆಯಲಿಲ್ಲ. ಆ ಗಂಡಹೆಂಡತಿ ಹಾಗೆ ನಿಂತದ್ದನ್ನು ನನ್ನಿಂದ ನೋಡಲಾಗಲಿಲ್ಲ. ನನ್ನ ಕೈಯಲ್ಲಿ ಕಷಾಯದ ಸ್ಟೀಲ್ ಲೋಟವಿತ್ತು, ಚಮಚವಿತ್ತು. ನಾನೇನು ಯೋಚಿಸಿ ಮಾಡಿದ್ದಲ್ಲ.

ಟಣ್, ಟಣ್, ಟಣ್.

ಮುನಿಯಪ್ಪ ತಟ್ಟನೆ ನನ್ನ ಕಡೆ ತಿರುಗಿದರು. ನಾನು ತಡೆದೆ. ಆಮೇಲೆ ಒಂದು.

ಬೆನ್ನ ಹಿಂದಿನ ಕೈಗಳು ಅವರನ್ನು ಕೇಳದೆಯೇ ಮುಂದೆ ಬಂದವು. ಒಂದು ತಲೆಯ ಕೆಳಗೆ, ಒಂದು ಸೊಂಟದ ಕೆಳಗೆ. ಎತ್ತಿದ್ದೇ ತಿಳಿಯದಂತೆ ಎತ್ತಿದರು, ಮಗು ನಿದ್ದೆಯಿಂದ ಏಳಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ಕಣ್ಣಿಂದ ಧಾರಾಕಾರ ನೀರು, ಒರೆಸಿಕೊಳ್ಳಲು ಕೈ ಖಾಲಿಯಿಲ್ಲ. ವೆಂಕಟಮ್ಮನೇ ಒರೆಸಿದರು. ಕೊನೆಗೆ ಅವರು ನನ್ನ ಕಡೆ ನೋಡಿ ಮೆಲ್ಲಗೆ, "ಇಳಿಸೋಕೆ ಎರಡು ಒಡೀಬೇಕಮ್ಮ," ಎಂದರು. ನಾನು ಹೊಡೆಯಲಿಲ್ಲ. ಇನ್ನಷ್ಟು ಹೊತ್ತು ಇಟ್ಟುಕೊಳ್ಳಲಿ ಎಂದು ಲೋಟ ಕೆಳಗಿಟ್ಟುಬಿಟ್ಟೆ.

ಮುಂದಿನ ವಾರ ಗಂಡಹೆಂಡತಿ ಕಾಮಸಮುದ್ರದ ಬಸ್ಸು ಹತ್ತಿದರು, ಮುನಿಸಿಕೊಂಡು ಹೋಗಿದ್ದ ಮಗಳ ಮನೆಗೆ. ಮೊಮ್ಮಗನಿಗೆ ಆಗ ಆರು ವರ್ಷ, ಎತ್ತಿಕೊಳ್ಳುವ ವಯಸ್ಸಲ್ಲ. ಅವನು ಕೊಸರಾಡುತ್ತಿದ್ದರೂ ಬಿಡದೆ ಊರ ತುಂಬ ಎತ್ತಿಕೊಂಡೇ ತಿರುಗಿದರಂತೆ.

ನನ್ನ ಮಗಳು ಅವರ ತೋಳಿನಲ್ಲೇ ಬೆಳೆದಳು, ಅವರ ತೊಡೆಯ ಮೇಲೆ ಕೂತೇ ಆ ಕಾರು ಓಡಿಸಲು ಕಲಿತಳು. ಡಬ್ಬಿ ಬಾರಿಸದೆ ಅವಳೂ ಕಡ್ಡಿ ಮುಟ್ಟುತ್ತಿರಲಿಲ್ಲ. ಈಗ ಅವರಿಬ್ಬರೂ ಇಲ್ಲ, ಗಣಿಯೂ ಮುಚ್ಚಿತು, ಕಾರಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಯಿತು. ನಮ್ಮವರು ಮಾತ್ರ ತಪ್ಪು ಆ ಕಲ್ಲುಕಂಬದ್ದೇ ಎಂದು ಇವತ್ತಿಗೂ ವಾದಿಸುತ್ತಾರೆ.

ಭಾನುವಾರ ನಾನು ಕಾರನ್ನು ಒರೆಸಿದೆ. ಒಳಗಿನ ಬೂದು ಪುಡಿಯನ್ನು ಪೂರ್ತಿ ತೆಗೆಯಲು ಮನಸ್ಸಾಗಲಿಲ್ಲ. ಹುಣಸೆ ಕೈಗೆ ಒಂದು ತೊಟ್ಟು ಎಣ್ಣೆ ಬಿಟ್ಟು ಹೊದಿಕೆ ಹೊದಿಸಿಟ್ಟೆ. ಅದನ್ನೆಲ್ಲ ಮಗಳು ಷೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಆಟೊಗೆ ಫೋನ್ ಮಾಡಬೇಡ ಎಂದು ಅವಳಿಗೆ ಹೇಳಿ ಸ್ಕೂಟರಿನ ಬೆಡ್‌ಶೀಟ್ ಎಳೆದೆ. ಗಾಡಿಯನ್ನು ಗೇಟಿನಾಚೆ ತಂದು, ಸ್ಟಾರ್ಟ್ ಮಾಡಿ, ಕೂತೆ. ಹಿಂದೆ ಅವಳು ಹತ್ತಿ ಕೂತ ಭಾರ ತಿಳಿಯುತ್ತಲೇ ನನ್ನ ಮಣಿಕಟ್ಟು ಕಲ್ಲಾಯಿತು. ತಿರುವಲಾಗುತ್ತಿಲ್ಲ. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು. ಇಳಿದುಬಿಡು ಮಗಳೇ ಎಂದು ಬಾಯಿಗೆ ಬಂದಿತ್ತು.

ಆಗ ಹಿಂದಿನಿಂದ ಅವಳ ಕೈ ಮುಂದೆ ಚಾಚಿತು. ಬೆರಳಲ್ಲಿ ಮನೆಯ ಬೀಗದ ಕೈ. ಕನ್ನಡಿಯ ಸ್ಟೀಲ್ ಕಡ್ಡಿಯ ಮೇಲೆ ಅವಳು ಬಡಿದಳು, ಟಣ್, ಟಣ್, ಟಣ್. ತಡೆದಳು.

ಆಮೇಲೆ ಒಂದು. ಗಾಡಿ ಹೊರಟದ್ದೇ ನಮಗೆ ತಿಳಿಯಲಿಲ್ಲ.