ಮಂಗಟ್ಟೆ ಸಂಸಾರ ಕಾದ ಹುಚ್ಚಣ್ಣ

ಚಾಮುಂಡಿ ಬೆಟ್ಟದ ಮೇಲಿನ ದೀಪಗಳು ಇನ್ನೂ ಆರಿಲ್ಲ. ಹುಚ್ಚಣ್ಣ ಹಕ್ಕಿತೋಟದ ಹೊರಬಾಗಿಲು ದಾಟಿ, ಅದನ್ನು ಹಾಕಿಕೊಂಡು, ಚಿಲಕವನ್ನು ಎರಡು ಸಲ ಎಳೆದು ನೋಡುತ್ತಾರೆ. ಆಮೇಲೆಯೇ ಒಳಬಾಗಿಲಿಗೆ ಕೈ. ತಲೆಯ ಮೇಲಿನ ಮಂಕರಿಯಲ್ಲಿ ಅತ್ತಿಹಣ್ಣಿದೆ. ಒಳಗೆ ಕಾಲಿಡುತ್ತಿದ್ದಂತೆ ಗಿಣಿಗಳ ಗಲಾಟೆ ಶುರುವಾಗುತ್ತದೆ. ನವಿಲೊಂದು ದಾರಿಗೆ ಅಡ್ಡ ನಿಂತು, ಇವರೇ ಸುತ್ತಿಕೊಂಡು ಹೋಗಲಿ ಎಂಬಂತೆ ನೋಡುತ್ತದೆ. ಹುಚ್ಚಣ್ಣ ಸುತ್ತಿಕೊಂಡೇ ಹೋಗುತ್ತಾರೆ.

ಮೂರು ಎಕರೆ ತೋಟದ ಮೇಲೆ ಕಂಬ ನೆಟ್ಟು, ಮರಗಳೂ ಕೊಳವೂ ಸೇರಿದಂತೆ ತಂತಿಬಲೆ ಹೊದಿಸಿದ ಜಾಗವಿದು. ಇಲ್ಲಿ ಹಕ್ಕಿಗಳು ಹಾರಾಡಿಕೊಂಡಿರುತ್ತವೆ, ನೋಡಲು ಬಂದವರು ಅವುಗಳ ನಡುವೆಯೇ ನಡೆದು ಹೋಗುತ್ತಾರೆ. ಇರುವ ಹಕ್ಕಿಗಳು ಇನ್ನೂರ ಅರವತ್ತು ಚಿಲ್ಲರೆ. ತೊಳೆದು ತುಂಬಬೇಕಾದ ನೀರಿನ ಬೋಗುಣಿಗಳು ಮೂವತ್ತೊಂದು. ಬೇಸಿಗೆ ರಜೆಯ ಭಾನುವಾರಗಳಲ್ಲಿ ಬಸ್ಸು, ರೈಲು ಇಳಿದು ಬರುವ ಪ್ರವಾಸಿಗಳೇ ಸಾವಿರ ದಾಟುತ್ತಾರೆ. ಎಲ್ಲರೂ ಹಾದು ಹೋಗಬೇಕಾದದ್ದು ಈ ಎರಡು ಬಾಗಿಲುಗಳನ್ನೇ. ನಡುವೆ ಎಂಟಡಿ ಉದ್ದದ ಬಲೆಯ ಓಣಿ. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು.

ಹುಚ್ಚಣ್ಣನವರಿಗೆ ಈಗ ಐವತ್ತೆರಡು. ಊರು ವರುಣದ ಹತ್ತಿರ. ಹದಿಮೂರು ವರ್ಷದ ಕೆಳಗೆ, ೧೯೫೧ರಲ್ಲಿ, ಇದೇ ಬಲೆ ಕಟ್ಟುವ ಕೂಲಿಗೆ ಬಂದವರು ಇಲ್ಲೇ ನಿಂತುಬಿಟ್ಟರು. ಮಳೆಗಾಲದಲ್ಲಿ ಬಲೆಯ ಮೇಲೆ ಕೊಂಬೆ ಬಿದ್ದರೆ ಏಣಿ ಹತ್ತಿ ಹರಿದದ್ದನ್ನು ಹೊಲಿಯುವವರೂ ಅವರೇ. ತಂತಿ ಸೀಳಿದ ಎಡಗೈ ಹೆಬ್ಬೆರಳು ಈಗ ಮಡಚುವುದಿಲ್ಲ. ಹೆಂಡತಿ ಮಾದೇವಮ್ಮ ಲಷ್ಕರ್ ಮೊಹಲ್ಲಾದ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾರೆ. “ಮನೇಲಿ ಮಾತೇ ಇಲ್ಲ ಇವ್ರದ್ದು. ಎಲ್ಲಾ ಅಲ್ಲೇ ಆಡಿ ಮುಗ್ಸಿ ಬತ್ತಾರೆ,” ಎಂಬುದು ಅವರ ಒಂದೇ ದೂರು.

ಕಳೆದ ಏಪ್ರಿಲ್‌ನ ಒಂದು ಸಂಗತಿಯನ್ನು ಹುಚ್ಚಣ್ಣ ತಾವಾಗಿ ಹೇಳುವುದಿಲ್ಲ, ಕೇಳಬೇಕು. ತೋಟದಲ್ಲಿ ಒಂದು ಜೊತೆ ಮಂಗಟ್ಟೆಗಳಿವೆ, ದೊಡ್ಡ ಕೊಕ್ಕಿನ ಬೂದು ಹಕ್ಕಿಗಳು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯನ್ನು ಹಿಕ್ಕೆಯಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟೇ ಸೀಳು ಉಳಿಯುತ್ತದೆ. ಒಳಗೆ ಅದರ ರೆಕ್ಕೆಗರಿಗಳೂ ಉದುರುತ್ತವೆ. ಮರಿ ಬಲಿಯುವವರೆಗೆ ಗಂಡು ಹಣ್ಣು ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಂದು ಮಧ್ಯಾಹ್ನ ದೂರದ ಊರಿನ ದೊಡ್ಡ ಕುಟುಂಬವೊಂದು ಬಂತು. ಯಜಮಾನರು ಹಿಂದೆ ಉಳಿದವರಿಗಾಗಿ ಒಳಬಾಗಿಲಿಗೆ ಕಾಲು ಕೊಟ್ಟು ನಿಂತರು. ಹಿಂದಿನವರು ಹೊರಬಾಗಿಲು ತೆರೆದರು. ಗಂಡು ಮಂಗಟ್ಟೆ ಅವರ ತಲೆಯ ಮೇಲಿಂದಲೇ ಹಾರಿಹೋಯಿತು.

“ನಾನು ನೀರು ಕುಡಿಯಕ್ಕೆ ಹೋಗಿದ್ದೆ. ಅವ್ರ್ ತಪ್ಪಲ್ಲ, ಹೊಸಬ್ರು. ಬಾಗ್ಲು ನಂದು,” ಎನ್ನುತ್ತಾರೆ ಹುಚ್ಚಣ್ಣ.

ತೋಟದ ಮೇಲ್ವಿಚಾರಕರು ವೃಷಭೇಂದ್ರಪ್ಪ. ಪೊಟರೆ ಒಡೆದು ಹೆಣ್ಣನ್ನು ಪಂಜರಕ್ಕೆ ಹಾಕುವುದೆಂದು ಅವರು ತೀರ್ಮಾನಿಸಿದರು. ಒಡೆದರೆ ಮೊಟ್ಟೆ ದಕ್ಕುವುದಿಲ್ಲ. ಹುಚ್ಚಣ್ಣ ಮರಕ್ಕೆ ಒರಗಿಸಿದ್ದ ಏಣಿಯ ಕೆಳಗೆ ನಿಂತು ಅಡ್ಡ ಬಂದರು.

“ನಾಕ್ ದಿನ ಬುಡಿ ಸ್ವಾಮಿ. ನಾನೇ ಉಣ್ಸ್ತೀನಿ.”

“ನೀನೇನು ಗಂಡುಹಕ್ಕಿ ಏನಯ್ಯಾ?”

“ಅಲ್ಲ ಸ್ವಾಮಿ. ಆದ್ರೆ ಅದ್ಕೆ ಹಸಿವಾಯ್ತದೆ.”

ವೃಷಭೇಂದ್ರಪ್ಪ ಕತ್ತೆತ್ತಿ ಪೊಟರೆಯ ಸೀಳನ್ನು ನೋಡಿದರು. ಆಮೇಲೆ, “ನಾಲ್ಕೇ ದಿನ,” ಎಂದು ಹೊರಟುಹೋದರು.

ಬಿದಿರು ಕಡ್ಡಿಯ ತುದಿ ಸೀಳಿ, ಅತ್ತಿಹಣ್ಣು ಸಿಕ್ಕಿಸಿ, ಹುಚ್ಚಣ್ಣ ಏಣಿ ಹತ್ತಿದರು. ಮೊದಲ ದಿನ ಹೆಣ್ಣು ಕಡ್ಡಿಯನ್ನೇ ಕುಕ್ಕಿ ಮುರಿಯಿತು. ಎರಡನೆಯ ದಿನ ಸಂಜೆಯ ಹೊತ್ತಿಗೆ ಒಂದು ಹಣ್ಣು ತೆಗೆದುಕೊಂಡಿತು. ಇತ್ತ ಗಂಡು ದೂರ ಹೋಗಿರಲಿಲ್ಲ. ಬಾಯಲ್ಲಿ ಹಣ್ಣು ಹಿಡಿದು ಬಲೆಯ ಹೊರಗೆ ಅತ್ತಿಂದಿತ್ತ ಹಾರುತ್ತ, ಒಳಗೆ ಬರುವ ದಾರಿ ಸಿಗದೆ ಕೂಗುತ್ತಿತ್ತು.

ಹುಚ್ಚಣ್ಣ ಹೊರಬಾಗಿಲಿಗೆ ಹಗ್ಗ ಕಟ್ಟಿದರು. ಬೆಳಿಗ್ಗೆ, ಜನ ಬರುವ ಮುಂಚೆ, ಅದನ್ನು ತೆರೆದು, ಓಣಿಯಲ್ಲಿ ಹಣ್ಣು ಚೆಲ್ಲಿ, ಮುಚ್ಚಿದ ಒಳಬಾಗಿಲ ಹಿಂದೆ, ತೋಟದೊಳಗೆ, ಹಗ್ಗ ಹಿಡಿದು ಕೂತರು. ಒಂದು ಬೆಳಿಗ್ಗೆ ಕಾಗೆಗಳು ಹಣ್ಣು ತಿಂದು ಹೋದವು. ಮರುದಿನ ಗಂಡು ಹೊಸ್ತಿಲವರೆಗೆ ಬಂದು, ಯಾರೋ ಕೆಮ್ಮಿದ್ದಕ್ಕೆ ಹಾರಿತು. ಕೆಮ್ಮಿದವರು ಹುಚ್ಚಣ್ಣನವರೇ.

ನಾಲ್ಕನೆಯ ಬೆಳಿಗ್ಗೆ ವೃಷಭೇಂದ್ರಪ್ಪನವರೂ ಬಂದು ಕಂಬದ ಮರೆಯಲ್ಲಿ ನಿಂತರು. ಒಳಗಿನ ಮರದಿಂದ ಹೆಣ್ಣು ಒಮ್ಮೆ ಕೂಗಿತು. ಗಂಡು ಕುಪ್ಪಳಿಸಿ ಓಣಿಗೆ ಇಳಿಯಿತು, ಹಣ್ಣಿನ ಕಡೆ ತಿರುಗಲೂ ಇಲ್ಲ. ಹುಚ್ಚಣ್ಣ ಹಗ್ಗ ಎಳೆದರು.

“ಹಾಕ್ಕೊಂತಾ?” ಎಂದು ವೃಷಭೇಂದ್ರಪ್ಪ ಪಿಸುಗುಟ್ಟಿದರು.

“ಹಾಕ್ಕೊಂತು.”

ಒಳಬಾಗಿಲು ತೆರೆದದ್ದೇ ಹಕ್ಕಿ ನೇರ ಪೊಟರೆಗೆ ಹೋಯಿತು. ಹುಚ್ಚಣ್ಣ ಅಂದು ಮಧ್ಯಾಹ್ನದವರೆಗೂ ಕಾಫಿ ಕುಡಿಯಲಿಲ್ಲ. ಬಾಗಿಲು ಬಿಟ್ಟು ಹೋಗಲು ಮನಸ್ಸಾಗಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತಾರೆ. ಜೂನ್ ಮೊದಲ ವಾರದಲ್ಲಿ ಹೆಣ್ಣು ಮೆತ್ತಿದ್ದನ್ನು ತಾನೇ ಒಡೆದುಕೊಂಡು ಈಚೆ ಬಂತು. ಎರಡು ಮರಿಗಳೂ ಉಳಿದವು. ಈಗ ಅವು ತಂದೆತಾಯಿಯಷ್ಟೇ ಎತ್ತರ.

ಬಂದ ಪ್ರವಾಸಿಗಳಿಗೆ ಹುಚ್ಚಣ್ಣ ಅವುಗಳನ್ನು ಬೊಟ್ಟು ಮಾಡಿ ತೋರಿಸುತ್ತಾರೆ, ಕಥೆ ಹೇಳುವುದಿಲ್ಲ. ಅವರ ಊರುಗಳನ್ನು ಮಾತ್ರ ವಿಚಾರಿಸಿಕೊಳ್ಳುತ್ತಾರೆ. ತಾವು ಮೈಸೂರು ಬಿಟ್ಟು ನಂಜನಗೂಡಿನಾಚೆ ಹೋದದ್ದಿಲ್ಲ. ಮೊನ್ನೆ ದಾಂಡೇಲಿ ಕಡೆಯಿಂದ ಬಂದ ಮೇಷ್ಟರೊಬ್ಬರು, ತಮ್ಮ ಕಾಡಿನಲ್ಲಿ ಇದಕ್ಕಿಂತ ಮೂರು ಪಟ್ಟು ದೊಡ್ಡ ಮಂಗಟ್ಟೆಗಳಿವೆ ಎಂದು ಹೇಳಿಹೋಗಿದ್ದಾರೆ.

“ರೆಕ್ಕೆ ಬಡುದ್ರೆ ರೈಲು ಬಂದಂಗೆ ಸದ್ದಂತೆ ಸ್ವಾಮಿ,” ಎನ್ನುತ್ತಾರೆ ಹುಚ್ಚಣ್ಣ, ಬೋಗುಣಿ ಉಜ್ಜುತ್ತ. “ಒಂದ್ಸಲ ಹೋಗ್ಬೇಕು. ನೋಡ್ಲೇಬೇಕು ಅಂತೇನಿಲ್ಲ. ಮರದ್ ಕೆಳ್ಗೆ ಕೂತು ಕೇಳುದ್ರೆ ಸಾಕು.”