ಸೊರಬದಿಂದ ತಂದ ಬಾಗಿಲು

ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರಿಗೆ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ಬಲಗಾಲು ಮಡಚುವಂತೆಯೇ ಇರಲಿಲ್ಲ. ಪಡಸಾಲೆಯ ಮಂಚದ ಮೇಲೆ ಬೆನ್ನಿಗೆ ಎರಡು ದಿಂಬು ಒತ್ತಿಕೊಂಡು, ಕಾಲು ಚಾಚಿಕೊಂಡೇ ಬೇಳೆ ಆರಿಸುತ್ತಿದ್ದರು, ಹೂಬತ್ತಿ ಹೊಸೆಯುತ್ತಿದ್ದರು, ಬೀದಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸುತ್ತಿದ್ದರು. ಐವತ್ತರ ದಶಕದ ಕೊನೆಯ ಮಾತು ಇದು. ನಾನು ಸೊರಬದಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದು ಆಗ ನಾಲ್ಕು ವರ್ಷವಾಗಿತ್ತು.

ಒಂದು ಬೆಳಿಗ್ಗೆ ಜಡೆಯಿಂದ ಕಾರ್ಡು ಬಂತು. ಅಲ್ಲಿ ಅತ್ತೆಯ ಅಕ್ಕ ಇದ್ದರು. ಅವರಿಗೆ ಅನ್ನ ಸೇರುತ್ತಿಲ್ಲವೆಂದೂ, ತಂಗಿಯನ್ನು ಒಮ್ಮೆ ನೋಡಬೇಕು ಎನ್ನುತ್ತಿದ್ದಾರೆಂದೂ ಅವರ ಮಗ ಬರೆದಿದ್ದ. ನಾನು ಗಟ್ಟಿಯಾಗಿ ಓದಿದೆ.

“ಇನ್ನೊಂದ್ಸಲ ಓದು,” ಎಂದರು ಅತ್ತೆ. ಓದಿದೆ. ಮೊರದಲ್ಲಿದ್ದ ಬೇಳೆಯನ್ನು ಸುಮ್ಮನೆ ಒಂದು ಕಡೆಗೆ ಗೋರಿದರು. “ನಾ ಹೋಗಬೇಕು” ಎಂದರು. ಆಮೇಲೆ ಆ ದಿನವೆಲ್ಲ ಬೇರೆ ಮಾತಿಲ್ಲ.

ಹೋಗುವುದು ಹೇಗೆ? ಬಸ್ಸಿನಲ್ಲಿ ಕೂರಲಾಗದು. ಎತ್ತಿನಗಾಡಿಯ ಕುಲುಕಾಟಕ್ಕೆ ಮೂಳೆ ತಡೆಯದು. ಉಳಿದದ್ದು ಮನೆ ಪಕ್ಕದ ಗಾಡಿ ಕೊಟ್ಟಿಗೆಯಲ್ಲಿ ನಿಂತಿದ್ದ ಕಾರು. ಯಾವುದೋ ತೋಟದ ದೊರೆಯಿಂದ ಮಾವನವರು ಕೊಂಡಿದ್ದ, ಕರಿಯ ಬಣ್ಣದ ಹಳೆಯ ವಿಲಾಯಿತಿ ಕಾರು. ಮಾವ ತೀರಿಕೊಂಡ ಮೇಲೆ ಅದು ಕೊಟ್ಟಿಗೆ ಬಿಟ್ಟು ಹೆಚ್ಚು ಹೊರಗೆ ಬಂದಿರಲಿಲ್ಲ. ಬಟ್ಟೆ ಅಂಗಡಿಗೆ ರಜೆ ಇದ್ದ ದಿನ ನಮ್ಮ ಯಜಮಾನರು ಇಂಜಿನ್ನು ಚಾಲೂ ಮಾಡಿ, ಅದರ ಸದ್ದು ಕೇಳಿ, ಸಮಾಧಾನಪಟ್ಟು ಆರಿಸುತ್ತಿದ್ದರು. ಇಂಜಿನ್ನು ಸರಿಯಾಗಿಯೇ ಇತ್ತು. ಕೆಟ್ಟದ್ದು ಮೈ. ಆ ಕಾಲದ ಕಾರುಗಳಿಗೆ ಒಳಗೆ ಮರದ ಚೌಕಟ್ಟು, ಅದರ ಮೇಲೆ ತಗಡು. ಎಡಗಡೆ ಹಿಂಭಾಗದಲ್ಲಿ ಮರವನ್ನು ಗೆದ್ದಲು ತಿಂದಿತ್ತು, ತಗಡನ್ನು ತುಕ್ಕು ತಿಂದಿತ್ತು. ಆ ಬದಿಯ ಬಾಗಿಲನ್ನು ಹಗ್ಗದಲ್ಲಿ ಕಟ್ಟಿದ್ದರು. ಬಲಗಡೆಯ ಹಿಂದಿನ ಬಾಗಿಲನ್ನು ಮಾವನವರ ಕಾಲದಲ್ಲೇ ಮೊಳೆ ಹೊಡೆದು ಮುಚ್ಚಿಯಾಗಿತ್ತು. ಅತ್ತೆಯನ್ನು ಹಿಂದಿನ ಸೀಟಿನ ಮೇಲೆ ಅಡ್ಡಕ್ಕೆ ಮಲಗಿಸಬೇಕಾದರೆ ಎಡಗಡೆಯಿಂದಲೇ ಒಳಗೆ ಬಿಡಬೇಕು, ಅವರ ಪಾದ ಅದೇ ಬಾಗಿಲಿಗೆ ತಾಗಿಕೊಂಡಿರಬೇಕು. ಹಗ್ಗ ಕಟ್ಟಿದ ಬಾಗಿಲನ್ನು ನಂಬಿ ಅವರನ್ನು ಅಷ್ಟು ದೂರ ಕರೆದೊಯ್ಯುವ ಧೈರ್ಯ ಯಾರಿಗೂ ಬರಲಿಲ್ಲ.

ಯಜಮಾನರು ಉಡುತಡಿಯಿಂದ ಒಬ್ಬ ಆಚಾರರನ್ನು ಕರೆಸಿದರು. ಗಾಡಿ ಮಾಡುವುದು ಅವರ ಕಸುಬು. ಹರೆಯದಲ್ಲಿ ಶಿವಮೊಗ್ಗದಲ್ಲಿ ಬಸ್ಸಿಗೆ ಬಾಡಿ ಕಟ್ಟುವಲ್ಲಿ ಕೆಲವು ವರ್ಷ ದುಡಿದಿದ್ದರು. ಕಾರನ್ನು ಒಂದು ಸುತ್ತು ಬಂದು, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ನೋಡಿದರು.

“ಮರ ನಾ ಹಾಕ್ತೀನ್ರೀ. ಬಾಗಿಲಿನ ಈ ಉಬ್ಬು ಐತಲ್ಲ, ಇದು ಮಿಷನ್ನಾಗೆ ಒತ್ತಿದ್ದು. ನನ್ನ ಸುತ್ತಿಗೀಗೆ ಬರೂದಿಲ್ಲ. ಇದರ ಜೋಡಿ ಕಾರು ಎಲ್ಲಾದರೂ ಸತ್ತು ಬಿದ್ದಿದ್ರೆ ಹೇಳ್ರಿ.”

ಅಂಥದ್ದೊಂದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ನನ್ನ ತವರುಮನೆಯ ಹಿಂದಿನ ಬೀದಿಯಲ್ಲಿ ಒಂದು ಅಕ್ಕಿ ಗಿರಣಿ. ಅದರ ಹಿತ್ತಿಲಲ್ಲಿ ಇಂಥದ್ದೇ ಕಾರು ಚಕ್ರವಿಲ್ಲದೆ ಕೂತಿತ್ತು. ಮರುದಿನ ನಾವು ಮೂವರೂ ಬಸ್ಸು ಹತ್ತಿ ಸೊರಬಕ್ಕೆ ಹೋದೆವು.

ಗಿರಣಿಯ ಯಜಮಾನಿತಿ ವಿಷಯ ಕೇಳಿ ನಕ್ಕುಬಿಟ್ಟರು. “ತಗಂಡು ಹೋಗಿ ಮಾರಾಯ್ರೆ, ಯಾರು ಬ್ಯಾಡ ಅಂದ್ರು? ಆದ್ರೆ ನಮ್ಮ ಹುಂಜನ್ನ ನೀವೇ ಒಪ್ಪಿಸ್ಕಳಿ. ಈಗ ಅದೇ ಆ ಕಾರಿನ ಸಾಹುಕಾರ!”

ಹುಂಜ ತಾನಾಗಿಯೇ ಹಾರಿಹೋಯಿತು. ಒಳಗೆ ಸೀಟಿನ ಹರಕು ನಾರಿನಲ್ಲಿ ಒಂದು ಹೇಂಟೆ ಮಾತ್ರ ಕಾವಿಗೆ ಕೂತಿತ್ತು. ಆಚಾರರು ಅದನ್ನು ನೋಡಿ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟರು. ತುಕ್ಕು ಹಿಡಿದ ತಿರುಪುಗಳಿಗೆ ಸೀಮೆಎಣ್ಣೆ ಬಿಟ್ಟು, ಅದು ಇಳಿಯುವವರೆಗೆ ನೆರಳಿನಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತರು. ಬಡಿದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಬಡಿಯದೆ, ಬಿಚ್ಚಿಬಿಚ್ಚಿಯೇ ಬಾಗಿಲು, ಹಿಂದಿನ ಮಡ್‌ಗಾರ್ಡು, ಬಾಗಿಲ ಕೆಳಗಿನ ಉದ್ದ ತಗಡು ಮೂರನ್ನೂ ತೆಗೆಯುವಾಗ ಮಧ್ಯಾಹ್ನವಾಯಿತು. ಹೇಂಟೆ ಕದಲಲಿಲ್ಲ. ಅವುಗಳನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಏರಿಸುವಾಗ ಕಂಡಕ್ಟರು, “ಕಾರಿನಾಗೆ ಹೋಗೋರನ್ನ ಕಂಡಿದೀನಿ, ಕಾರು ಹೊತ್ಕಂಡು ಬಸ್ಸಿಗೆ ಬರೋರನ್ನ ಇವತ್ತೇ ನೋಡಿದ್ದು ಕಣ್ರೀ” ಎಂದ.

ಕೆಲಸ ಶುರುವಾಯಿತು. ಆಚಾರರು ಶಿಕಾರಿಪುರದಲ್ಲೇ ಇದ್ದ ತಮ್ಮ ತಂಗಿಯ ಮನೆಯಲ್ಲಿ ಉಳಿದುಕೊಂಡು ದಿನವೂ ಬರುತ್ತಿದ್ದರು. ಗಾಲಿ ಬಿಚ್ಚಿ, ಕಾರಿನ ನಡುವಿಗೆ ಎರಡು ಮರದ ದಿಮ್ಮಿ ಕೊಟ್ಟು ಎತ್ತಿ ನಿಲ್ಲಿಸಿದರು. ಗೆದ್ದಲು ತಿಂದ ಮರ ತೆಗೆದು ಮತ್ತಿ ಮರದ ಹೊಸ ಪಟ್ಟಿ ಕೂರಿಸಿದರು. ಅದರ ಮೇಲೆ ಸೊರಬದ ತಗಡು ಇಟ್ಟು, ಮೊಳೆಗಳನ್ನು ಅರ್ಧ ಮಾತ್ರ ಹೊಡೆದು ಬಿಟ್ಟರು. ಅದು ಅವರ ಕ್ರಮ. ಕಾರು ತನ್ನ ಗಾಲಿಯ ಮೇಲೆ ನಿಲ್ಲಬೇಕು, ಬಾಗಿಲು ಕಟ್ಟಿ ತೆಗೆದು ಹಾಕಿ ನೋಡಬೇಕು, ಎಲ್ಲಾ ಸರಿಯೆಂದು ಕಂಡ ಮೇಲೆ ಮೊಳೆ ಪೂರ್ತಿ ಇಳಿಯಬೇಕು.

ಹಾಗೆ ಅರ್ಧ ನಿಂತ ಮೊಳೆಗಳ ಸಾಲನ್ನು ನಾನು ನೋಡಿದ್ದು ಅಮಾವಾಸ್ಯೆಯ ಹಿಂದಿನ ಸಂಜೆ. ಮಾರನೆಯ ದಿನ ಆಚಾರರು ಹತಾರ ಮುಟ್ಟುವವರಲ್ಲ. ಅರ್ಧ ಹೊಡೆದ ಮೊಳೆ ಅಮಾವಾಸ್ಯೆ ದಾಟಬಾರದು, ಆ ಕೆಲಸ ಕೈಗೆ ಹತ್ತುವುದಿಲ್ಲ ಎಂದು ನಮ್ಮ ತವರಿನಲ್ಲಿ ಅಜ್ಜಿ ಹೇಳುತ್ತಿದ್ದರು. ಮಲಗಿದ ಮುದುಕಿಯನ್ನು ಮಲಗಿದ ಮುದುಕಿಯ ಹತ್ತಿರಕ್ಕೆ ಕರೆದೊಯ್ಯುವ ಗಾಡಿ.

“ಇವತ್ತೇ ಹೊಡೆದು ಮುಗಿಸಿಬಿಡಿ ಆಚಾರ್ರೇ,” ಎಂದೆ.

“ಇಳಿಸಿ ನೋಡದೆ ಹೊಡೀಬಾರದು ಅಕ್ಕಾರೆ.”

“ಅಮಾವಾಸ್ಯೆ ದಾಟಬಾರದು. ನನ್ನ ಮಾತು ಕೇಳಿ. ಏನಾದರೂ ಆದರೆ ನಾನು ಯಾರಿಗೆ ಮುಖ ತೋರಿಸಲಿ?”

ಅವರು ತಲೆ ಕೆರೆದುಕೊಂಡರು. ನನ್ನ ಕಣ್ಣಲ್ಲಿ ನೀರು ಕಂಡಿತೋ ಏನೋ, ಮತ್ತೆ ಎದುರಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಲ್ಲಾ ಮೊಳೆಗಳೂ ಇಳಿದವು.

ಅಮಾವಾಸ್ಯೆ ಕಳೆದ ಬೆಳಿಗ್ಗೆ ಗಾಲಿ ಹಾಕಿ ಕಾರನ್ನು ಇಳಿಸಿದರು. ಬಾಗಿಲನ್ನು ಕೀಲಿಗೆ ಸಿಕ್ಕಿಸಿ ನೂಕಿದರೆ ಮೇಲಿನ ಮೂಲೆ ಚೌಕಟ್ಟಿನ ಕಂಬಕ್ಕೆ ಬಡಿದು ನಿಂತುಬಿಟ್ಟಿತು. ಕೆಳಗೆ ಬೆರಳು ತೂರುವಷ್ಟು ಸಂದಿ. ದಿಮ್ಮಿಯ ಮೇಲೆ ನಡು ಎತ್ತಿಕೊಂಡಿದ್ದ ಕಾರು ಗಾಲಿಯ ಮೇಲೆ ನಿಂತಾಗ ನಡು ತಗ್ಗಿಸಿತ್ತು. ನಾವೋ, ಎತ್ತಿಕೊಂಡಿದ್ದಾಗಿನ ಅಳತೆಗೆ ಮೊಳೆ ಜಡಿದು ಕೂತಿದ್ದೆವು.

ಊಟಕ್ಕೆ ಬಂದ ಯಜಮಾನರು ಅದನ್ನು ನೋಡಿ ಸಿಡಿದರು. “ಇಳಿಸೋಕೆ ಮುಂಚೆ ಮೊಳೆ ಹೊಡಿ ಅಂತ ಯಾರ್ರೀ ಹೇಳಿದ್ದು? ಅಲ್ಲಿ ದೊಡ್ಡಮ್ಮನ ಸ್ಥಿತಿ ಏನು, ಇಲ್ಲಿ ನೀವು ಮಾಡೋದೇನು?”

ನಾನು ಮನೆಯ ಬಾಗಿಲ ಹಿಂದೆ ನೀರಿನ ತಂಬಿಗೆ ಹಿಡಿದು ನಿಂತಿದ್ದೆ.

“ತಪ್ಪು ನಂದೇ ಯಜಮಾನ್ರೇ,” ಎಂದರು ಆಚಾರರು. “ಕೈ ಚಟ. ಸುತ್ತಿಗಿ ಹಿಡಿದಮೇಲೆ ನಿಲ್ಲಂಗಿಲ್ಲ. ಎರಡು ದಿನ ಕೊಡ್ರಿ.”

ಮಂಚದ ಮೇಲಿಂದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು, ಅಮಾವಾಸ್ಯೆಯ ಹಿಂದಿನ ಸಂಜೆಯ ಮಾತನ್ನೂ. ನಾನು ಒಳಗೆ ಹೋದಾಗ ಮೆಲ್ಲಗೆ, “ಸುಳ್ಳು ಹೇಳಾಕೂ ಕೈಕಸುಬು ಬೇಕು ಕಣೆ. ನೋಡಿ ಕಲಿ,” ಎಂದರು. ಬೈಗುಳ ಅಷ್ಟೇ. ಅವರು ಬೈಯದೆ ಬಿಟ್ಟ ಉಳಿದದ್ದನ್ನು ನಾನು ಈವರೆಗೂ ಮರೆತಿಲ್ಲ.

ಆ ಎರಡು ದಿನ ಆಚಾರರು ಒಂದೊಂದೇ ಮೊಳೆ ಕಿತ್ತರು. ತಗಡು ಹರಿಯದಂತೆ, ಇಕ್ಕಳದ ಕೆಳಗೆ ಮರದ ಚೂರು ಕೊಟ್ಟು. ಆಮೇಲೆ, “ಅಕ್ಕಾರೆ, ಹಿಂದಿನ ಸೀಟಿನ ಮೇಲೆ ಅಮ್ಮಾರ ಭಾರ ಬೇಕು. ಬರೀ ಕಾರಿಗೆ ಅಳತಿ ಮಾಡಿದ್ರೆ ಅವರು ಮಲಗಿದಮೇಲೆ ಮತ್ತೆ ಕುಸೀತೈತಿ,” ಎಂದರು. ಭತ್ತದ ಚೀಲ ಒಂದನ್ನು ತಂದು ಅಡ್ಡಕ್ಕೆ ಮಲಗಿಸಿದೆವು.

“ಏನೋ ಆಚಾರಿ, ನಾನು ಒಂದು ಚೀಲನೇನೋ?” ಎಂದು ಅತ್ತೆ ಒಳಗಿಂದ ಕೂಗಿದರು.

“ಇಲ್ಲಮ್ಮ, ಮುಕ್ಕಾಲು ಚೀಲ. ಕಾಲು ಭಾಗ ನಿಮ್ಮ ಮಾತಿಂದು!”

ಬಟ್ಟೆ ಥಾನುಗಳ ನಡುವೆ ಬರುವ ರಟ್ಟನ್ನು ಅಂಗಡಿಯಿಂದ ತರಿಸಿ, ಕತ್ತರಿಸಿ, ಬಾಗಿಲ ಸುತ್ತಲೂ ಸಂದಿಗೆ ಒಂದೊಂದು ಚೂರು ಸಿಕ್ಕಿಸಿದರು. ಎಲ್ಲಾ ಕಡೆಯೂ ರಟ್ಟು ಒಂದೇ ಬಿಗಿಯಲ್ಲಿ ನಿಲ್ಲಬೇಕು, ಎಳೆದರೆ ಬರಬೇಕು, ಬಿಟ್ಟರೆ ಬೀಳಬಾರದು. ಎಳೆದು ನೋಡುವ ಕೆಲಸ ನನಗೆ ಕೊಟ್ಟರು. “ಈ ಮೂಲೆ ಬಿಗಿ,” ಎನ್ನುತ್ತಿದ್ದೆ. ಅವರು ಪಟ್ಟಿಯ ಕೆಳಗೆ ತೆಳ್ಳನೆಯ ಚಕ್ಕೆ ಕೊಟ್ಟು, “ಈಗ?” ಎನ್ನುತ್ತಿದ್ದರು. ಹೀಗೆ ಎಷ್ಟು ಸಲವೋ. ಒಮ್ಮೆಯೂ ಬೇಸರದ ಉಸಿರಿಲ್ಲ. ತಪ್ಪು ಮಾಡಿದವಳ ಕೈಗೇ ಸರಿ ಮಾಡುವ ಕೆಲಸ ಕೊಡುವವರು ಎಷ್ಟು ಜನ ಸಿಗುತ್ತಾರೆ? ಕೊನೆಗೆ ರಟ್ಟೆಲ್ಲ ತೆಗೆದು ಬಾಗಿಲು ನೂಕಿದಾಗ ಅದು ಟಪ್ಪೆಂದು ಕೂತಿತು. ಆಮೇಲೆ ತಿರುಪು ಹಾಕಿದರು. ಬಣ್ಣ ಬಳಿಯಲು ಪುರುಸೊತ್ತಿರಲಿಲ್ಲ. ಕರಿ ಕಾರಿಗೆ ತುಕ್ಕು ಕೆರೆದ ಕಂದು ಬಾಗಿಲು.

ಆ ಸಂಜೆ ಊಟಕ್ಕೆ ಬಡಿಸುವಾಗ ಯಜಮಾನರಿಗೆ ನಿಜ ಹೇಳಿದೆ. ಅವರು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು. ಬೆಳಿಗ್ಗೆ ಆಚಾರರು ಹತಾರ ಕಟ್ಟಿಕೊಳ್ಳುತ್ತಿದ್ದಾಗ ಹತ್ತಿರ ಹೋಗಿ, “ನಾನು ನಿಮಗೆ ಹಾಗೆ ಅನ್ನಬಾರದಿತ್ತು,” ಎಂದರು.

ಆಚಾರರು ನನ್ನ ಕಡೆಗೊಮ್ಮೆ ನೋಡಿದರು. “ಹೇಳಿಬಿಟ್ರಾ ಅಕ್ಕಾರೆ? ಬಿಡ್ರಿ. ನಾ ಗಾಡಿ ಮಾಡೋನು. ಗಾಡಿ ಹೂತು ನಿಂತ್ರೆ ಎತ್ತಿಗೆ ಬೀಳೋ ಬೈಗಳದಾಗೆ ಅರ್ಧ ನನಗೇ ಬೀಳ್ತಾವೆ. ರೂಢಿ ಐತಿ.”

ಅವತ್ತೇ ಹೊರಟೆವು. ಕಂಬಳಿಯಲ್ಲಿ ಮಲಗಿಸಿ ನಾಲ್ವರು ಹಿಡಿದು ಅತ್ತೆಯನ್ನು ಒಳಗೆ ಬಿಟ್ಟರು. ಶಿರಾಳಕೊಪ್ಪ ದಾಟಿ, ಸೊರಬ ದಾಟಿ, ಜಡೆ ಮುಟ್ಟುವವರೆಗೂ ನಾನು ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಅವರ ಪಾದವನ್ನೇ ನೋಡುತ್ತಿದ್ದೆ. ಬಾಗಿಲು ಅಲುಗಲಿಲ್ಲ.

ಅಕ್ಕತಂಗಿಯರ ಮಂಚಗಳನ್ನು ಒಂದರ ಪಕ್ಕ ಒಂದು ಹಾಕಿಕೊಟ್ಟರು. ಮೂರು ದಿನ ಇದ್ದೆವು. ತಂಗಿಯ ಕೈಯಿಂದ ಮಾತ್ರ ಅಕ್ಕ ಗಂಜಿ ಕುಡಿದರು. ಚಿಕ್ಕಂದಿನಲ್ಲಿ ಬಾವಿಗೆ ಕೊಡ ಬಿಟ್ಟದ್ದು ಯಾರು ಎಂದು ಇಬ್ಬರೂ ಜಗಳವಾಡಿದರು, ಆ ಜಗಳ ತೀರಲೇ ಇಲ್ಲ. ಹೊರಡುವಾಗ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

ಮುಂದಿನ ತಿಂಗಳು ಜಡೆಯಿಂದ ಸುದ್ದಿ ಬಂತು. ಓದಲಾರದೆ ನಾನು ಕಾರ್ಡು ಹಿಡಿದು ನಿಂತೆ. ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಕಣ್ಣು ಒರೆಸಿಕೊಂಡು ಮಂಚದ ಅಂಚನ್ನು ತಟ್ಟಿ ನನ್ನನ್ನು ಕೂರಿಸಿಕೊಂಡರು.

“ಅಳಬ್ಯಾಡ. ನಾ ನೋಡಿ ಬಂದೀನಿ,” ಎಂದರು.